ಎಂದಿನ ಊಟದ ಚೀಟಿ

ದರ್ಜಿ ಚೆನ್ನಿಗಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ನನ್ನಿಂದ ಎಂದು ಊರಲ್ಲಿ ಯಾರೂ ನನ್ನ ಮುಖಕ್ಕೆ ಹೇಳಿದವರಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ ಬಿಡಿ. ನಾನು ಮಿಠಾಯಿ ಅಂಗಡಿ ಸುಂದ್ರಮ್ಮ. ಬೆಳಗಾದರೆ ಬೂಂದಿ, ಮಧ್ಯಾಹ್ನ ಬಾದುಷಾ, ಸಂಜೆಗೆ ಜಹಾಂಗೀರು. ಪಾಕ ಬಂತೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡದೆ ಒಲೆಯಿಂದ ಬಾಣಲೆ ಇಳಿಸಿದವಳೇ ಅಲ್ಲ. ಹಾಗೆ ನೋಡುವಾಗ ಒಂದು ಚಮಚ ಹೆಚ್ಚೇ ಹೋಗುತ್ತದೆ, ಸುಳ್ಳು ಯಾಕೆ ಹೇಳಲಿ. ಚೆನ್ನಿಗಪ್ಪ ನನ್ನ ಅಂಗಡಿಯ ಎದುರು ಸಾಲಿನಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡವನು, ಅವನೇ ನನ್ನ ‘ಜೊತೆ’. ನಮ್ಮೂರಲ್ಲಿ ತಿಂದದ್ದರ ರುಚಿ ತಿಂದವರದು, ಹೊಟ್ಟೆ ತುಂಬುವುದೂ ತಿಂದವರದೇ. ಆದರೆ ಮೈಗೆ ಹತ್ತುವುದು ಮಾತ್ರ ಜೊತೆಯವರಿಗೆ. ನಾನು ತಿಂದ ಸಿಹಿ ಅವನ ರಕ್ತಕ್ಕೆ ಹೋಗುತ್ತದೆ, ಅವನು ತಿಂದ ಸೊಪ್ಪು ನನ್ನ ಮೂಳೆಗೆ ಬರುತ್ತದೆ.

ಮಗುವಿಗೆ ಮೊದಲ ಅನ್ನ ಉಣಿಸುವ ದಿನ ಕೆರೆ ಏರಿಯ ಕಲ್ಲುಕಟ್ಟೆಯ ಮೇಲೆ ಪಕ್ಕದಲ್ಲಿ ಯಾವ ಮಗು ಕೂತಿರುತ್ತದೋ ಅದೇ ಜನ್ಮಪೂರ್ತಿ ಜೊತೆ. ಜಾತಿ ಕೇಳುವುದಿಲ್ಲ, ಜಾತಕ ನೋಡುವುದಿಲ್ಲ. ಆ ದಿನ ನಾನು ಅನ್ನ ನುಂಗದೆ, ಪಕ್ಕದ ಮಗುವಿನ ಕೈಯಲ್ಲಿದ್ದ ಬೆಲ್ಲದ ಚೂರನ್ನು ಕಿತ್ತುಕೊಂಡು ಚೀಪಿದೆನಂತೆ. ನಮ್ಮಮ್ಮ ಸಾಯುವವರೆಗೂ ಇದನ್ನು ಹೇಳಿಕೊಂಡು ನಗುತ್ತಿದ್ದಳು. ಆ ಮಗುವೇ ಚೆನ್ನಿಗಪ್ಪ.

ಹೊರಗಿನವರಿಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು, ನಮಗೆ ಅಭ್ಯಾಸವಾಗಿದೆ. ಹೆಡ್‌ಮೇಷ್ಟ್ರು ನರಹರಿರಾಯರು ಹೆಂಡದ ಅಂಗಡಿಯ ಬಾಗಿಲು ಕಂಡವರಲ್ಲ. ಆದರೂ ಸಂತೆಯ ದಿನ ಸಂಜೆಯಾದರೆ ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ಅವರ ಜೊತೆ, ಗಾಡಿ ಹೊಡೆಯುವ ಮಾರಣ್ಣ, ಅಂದು ಮೂಟೆ ಇಳಿಸಿ ಕುಡಿದಿರುತ್ತಾನೆ. ಮದುವೆ ಊಟಕ್ಕೆ ಹೋದವರು ಎಲೆಅಡಿಕೆ ಜಗಿಯುತ್ತಾ ಹಾಯಾಗಿ ಬರುತ್ತಾರೆ, ಮನೆಯಲ್ಲಿ ಕೂತ ಅವರ ಜೊತೆಯವರಿಗೆ ಅಜೀರ್ಣ. ಮಾತ್ರೆ ನುಂಗಿದರೂ ಜೊತೆಯವರಿಗೇ ಹೋಗುವುದರಿಂದ ನಮ್ಮಲ್ಲಿ ಮಾತ್ರೆ ಕಡಿಮೆ, ಸೂಜಿ ಜಾಸ್ತಿ. ಜೊತೆಯವರು ಸತ್ತುಹೋದರೆ ತಿಂದದ್ದು ತನಗೇ ಹತ್ತುತ್ತದೆ. ಅಂಥವರನ್ನು ಕಂಡರೆ ನಮಗೆ ಅಯ್ಯೋ ಪಾಪ ಅನ್ನಿಸುತ್ತದೆ.

ಇಂಥ ಊರಲ್ಲಿ ಜನ ದಿನಾ ಹೊಡೆದಾಡಿಕೊಳ್ಳದೆ ಬದುಕಬೇಕಾದರೆ ಒಂದು ಕಟ್ಟುಪಾಡು ಬೇಡವೇ? ಜೊತೆಯವರ ತಟ್ಟೆ ನೋಡಬಾರದು, ಏನು ತಿಂದೆ ಎಂದು ಕೇಳಬಾರದು. ಬೇರೆ ಯಾರಿಗಾದರೂ ‘ಊಟ ಆಯ್ತಾ’ ಅನ್ನಿ, ತಪ್ಪಿಲ್ಲ. ಜೊತೆಯವರಿಗೆ ಅಂದರೆ ಕೆನ್ನೆಗೆ ಹೊಡೆದಂತೆ. ನೀನು ತಿಂದದ್ದರಿಂದ ನನಗೆ ಹೀಗಾಯಿತು ಎಂದು ಬೀದಿಯಲ್ಲಿ ನಿಂತು ಕೂಗಿದಂತೆ. ಚೆನ್ನಿಗಪ್ಪ ನನ್ನನ್ನು ಒಂದು ದಿನವೂ ಕೇಳಿದವನಲ್ಲ.

ಕೇಳುವುದಿರಲಿ, ಆ ಮನುಷ್ಯ ನನ್ನ ಅಂಗಡಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ದಾರಿಯಲ್ಲಿ ಬರುವಾಗ ನನ್ನ ಅಂಗಡಿ ಸಮೀಪಿಸುತ್ತಿದ್ದಂತೆ ಮುಖ ಆಚೆ ತಿರುಗಿಸಿ, ಮೂಗಿನ ಹತ್ತಿರ ಟವೆಲ್ ಹಿಡಿದು, ಸರಸರ ದಾಟಿಹೋಗುತ್ತಿದ್ದ. ಕಾಯಿಲೆ ಬರುವ ಮೊದಲೂ ಹಾಗೇ, ಬಂದ ಮೇಲೂ ಹಾಗೇ. ಸಿಟ್ಟು ಅಂದುಕೊಂಡಿದ್ದೆ. ಇದ್ದರೆ ಇರಲಿ, ನನಗೇನು ಎಂದು ನಾನೂ ಮುಖ ತಿರುಗಿಸುತ್ತಿದ್ದೆ. ನನ್ನ ಮೈಯಂತೂ ಗಟ್ಟಿಮುಟ್ಟಾಗಿತ್ತು. ಐವತ್ತು ದಾಟಿದ ಮೇಲೂ ಕಬ್ಬನ್ನು ಹಲ್ಲಿನಲ್ಲಿ ಸಿಗಿಯುತ್ತಿದ್ದೆ, ತುಂಬಿದ ಬಾಣಲೆಯನ್ನು ಒಬ್ಬಳೇ ಇಳಿಸುತ್ತಿದ್ದೆ. ದರ್ಜಿ ಕಸುಬಿನಲ್ಲಿ ಏನು ಮಹಾ ಸಿಗುತ್ತದೆ, ಮುದ್ದೆ ಸೊಪ್ಪಿನಲ್ಲಿ ಕಾಲ ಹಾಕುತ್ತಾನೆ ಪಾಪ, ಅದು ನನಗೆ ಒಳ್ಳೆಯದಾಯಿತು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಡಾಕ್ಟರ್ ಇಂದುಮತಿ ನಮ್ಮೂರಿಗೆ ಬಂದರು. ಛತ್ರದಲ್ಲಿ ಇಳಿದುಕೊಂಡು, ರಕ್ತ ಪರೀಕ್ಷೆಯ ಮಿಷನ್ನುಗಳನ್ನು ಜೋಡಿಸಿ, ಊರವರನ್ನೆಲ್ಲ ಕರೆದರು. ತೆಳ್ಳಗೆ, ದೊಡ್ಡ ಕನ್ನಡಕ, ಮಾತು ಮೆತ್ತಗೆ. ಸಕ್ಕರೆ ಕಾಯಿಲೆಯವರು, ಕಿಡ್ನಿ ಕೆಟ್ಟವರು, ಕೀಲು ಹಿಡಿದುಕೊಂಡವರು, ಈ ಮೂರು ಗುಂಪಿಗೂ ಯಾವ ಯಾವ ಊಟ ಹಿತ ಅನ್ನುವುದನ್ನು ಕಂಡುಕೊಳ್ಳಬೇಕು, ಅದೇ ತಮ್ಮ ಸಂಶೋಧನೆ ಅಂದರು.

"ಇಷ್ಟು ದೂರ ನಮ್ಮೂರಿಗೇ ಯಾಕೆ ಬಂದ್ರಿ ಡಾಕ್ಟ್ರೇ? ನಿಮ್ಮ ಕಡೆ ಕಾಯಿಲೆಯವ್ರು ಇಲ್ವಾ?" ಎಂದು ನಾನೇ ಕೇಳಿದೆ.

"ಬೇಕಾದಷ್ಟು ಜನ ಇದಾರೆ. ಆದ್ರೆ ಅಲ್ಲಿ ರೋಗಿಗೆ ತಾನು ಏನು ತಿಂತಿದೀನಿ ಅಂತ ಗೊತ್ತಿರುತ್ತಲ್ಲಮ್ಮ. ಪಥ್ಯ ಮಾಡ್ತಿದೀನಿ ಅನ್ನೋ ಧೈರ್ಯಕ್ಕೇ ಅರ್ಧ ವಾಸಿಯಾದ ಹಾಗೆ ಅನ್ಸುತ್ತೆ. ಊಟದಿಂದ ಎಷ್ಟು, ಧೈರ್ಯದಿಂದ ಎಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ. ನಿಮ್ಮೂರಲ್ಲಿ ಉಣ್ಣೋರು ಒಬ್ರು, ಹತ್ತೋದು ಇನ್ನೊಬ್ರಿಗೆ. ಅದ್ರ ಮೇಲೆ ನೀವು ಒಬ್ಬರನ್ನೊಬ್ರು ಕೇಳೋದೂ ಇಲ್ಲ. ನನಗೆ ಇಂಥ ಊರು ಇನ್ನೆಲ್ಲಿ ಸಿಗುತ್ತೆ ಹೇಳಿ?"

ನಮ್ಮೂರನ್ನು ಯಾರಾದರೂ ಹೀಗೆ ಹೊಗಳಿದ್ದು ಅದೇ ಮೊದಲು. ಎಲ್ಲರೂ ಒಪ್ಪಿದೆವು. ಕಾಯಿಲೆಯವರನ್ನು ಆಚೆ ಕಳಿಸಿ, ಅವರ ಜೊತೆಯವರನ್ನು ಸಾಲಾಗಿ ನಿಲ್ಲಿಸಿ, ತಾಮ್ರದ ಬಿಂದಿಗೆಯಿಂದ ಚೀಟಿ ಎತ್ತಿಸಿದರು. ಒಂದು ಬಗೆಯ ಚೀಟಿಯಲ್ಲಿ ‘ಪಥ್ಯ’, ಇನ್ನೊಂದರಲ್ಲಿ ‘ಎಂದಿನ ಊಟ’. ಪಥ್ಯ ಬಂದವರು ತಮ್ಮ ಜೊತೆಯ ಕಾಯಿಲೆಗೆ ತಕ್ಕಂತೆ ಡಾಕ್ಟರು ಹೇಳಿದ್ದನ್ನೇ ಉಣ್ಣಬೇಕು. ಎಂದಿನ ಊಟ ಬಂದವರು ಇಷ್ಟು ದಿನ ಹೇಗೆ ಉಣ್ಣುತ್ತಿದ್ದರೋ ಹಾಗೇ ಉಣ್ಣಬೇಕು, ಏನನ್ನೂ ಬದಲಿಸಬಾರದು. ಯುಗಾದಿಯಿಂದ ಸಂಕ್ರಾಂತಿಯವರೆಗೆ. ಚೀಟಿಯಲ್ಲಿ ಏನಿತ್ತೆಂದು ಯಾರೂ ಯಾರಿಗೂ ಹೇಳುವಂತಿಲ್ಲ. ಸೂಜಿಮದ್ದು ಮಾತ್ರ ಕಾಯಿಲೆಯವರೆಲ್ಲರಿಗೂ ತಪ್ಪದೆ ಸಿಗುತ್ತದೆ.

ನನಗೆ ಬಂದದ್ದು ಎಂದಿನ ಊಟ. ಅಬ್ಬಾ, ಬದುಕಿದೆ ಅನ್ನಿಸಿತು! ನನಗೆ ಮುದ್ದೆ ಅಂದರೆ ಗಂಟಲಲ್ಲಿ ಇಳಿಯದು, ಹಾಗಲಕಾಯಿಯ ಹೆಸರೆತ್ತಿದರೆ ಸಾಕು, ಎದ್ದುಹೋಗುವವಳು. ಪಥ್ಯ ಬಂದಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಈಗ ಓದಿದ ಡಾಕ್ಟರೇ ನನ್ನ ಕೈಗೆ ಚೀಟಿ ಕೊಟ್ಟು ಜಹಾಂಗೀರು ತಿನ್ನು ಅಂದಂತಾಯಿತು. ಮನೆಗೆ ಬಂದವಳೇ ಬಿಸಿ ಬೂಂದಿಯನ್ನು ಬಟ್ಟಲಿಗೆ ಹಾಕಿಕೊಂಡು ಕೂತೆ.

ಅಂಗಡಿಯಲ್ಲಿ ಕೂತರೆ ನನಗೆ ದಿನವಿಡೀ ಚೆನ್ನಿಗಪ್ಪನ ಮಿಷನ್ನಿನ ಸದ್ದು ಕೇಳುತ್ತದೆ. ಕಾಲಿನಲ್ಲಿ ತುಳಿಯುವ ಹಳೆಯ ಮಿಷನ್. ಒಂದೇ ಹದದಲ್ಲಿ, ತಡವರಿಸದೆ, ಕಿಟಿಕಿಟಿ ಎಂದು ಓಡುತ್ತಿರುತ್ತದೆ. ಆ ಸದ್ದಿಗೆ ಬೂಂದಿ ಜಾಲರಿ ತಟ್ಟುವುದು ನನಗೇ ಗೊತ್ತಿಲ್ಲದಂತೆ ಅಭ್ಯಾಸವಾಗಿತ್ತು. ಗಣೇಶನ ಹಬ್ಬ ಕಳೆದ ಮೇಲೆ ಸದ್ದು ಎಡವತೊಡಗಿತು. ಸ್ವಲ್ಪ ಓಡುವುದು, ನಿಲ್ಲುವುದು, ಮತ್ತೆ ನಿಧಾನಕ್ಕೆ ಶುರುವಾಗುವುದು. ನವರಾತ್ರಿಯ ಹೊತ್ತಿಗೆ ಪೂರ್ತಿ ನಿಂತುಹೋಯಿತು. ಹಬ್ಬದ ಸುಗ್ಗಿಯಲ್ಲಿ ದರ್ಜಿಯ ಮಿಷನ್ ನಿಲ್ಲುವುದುಂಟೆ? ನನ್ನ ಕೈಯಲ್ಲಿದ್ದ ಜಾಲರಿ ಹಾಗೇ ನಿಂತಿತು.

ಎರಡು ದಿನ ಬಿಟ್ಟು ಅವನ ಹೆಂಡತಿ ಈರಮ್ಮ ನನ್ನ ಅಂಗಡಿಗೆ ಬಂದಳು. ರವಿಕೆಗೆಂದು ನಾನು ಕೊಟ್ಟಿದ್ದ ಬಟ್ಟೆಯನ್ನು ಹಾಗೆ ಮಡಿಸಿದ ಮಡಿಕೆಯಲ್ಲೇ ತಂದು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು.

"ಹೊಲಿಯಕ್ಕಾಗ್ಲಿಲ್ಲ ಅಕ್ಕಾ. ಬ್ಯಾರೆ ಕಡೆ ಕೊಟ್ಕೊ."

"ಯಾಕೆ ಈರಮ್ಮ, ಹಬ್ಬ ಹತ್ರ ಬಂತಲ್ಲ?"

"ಕಾಲಲ್ಲಿ ಹುಣ್ಣಾಗದೆ. ಪೆಡಲು ತುಳೀವಾಗ ಯಾವಾಗ ಕುಯ್ಕೊಂಡ್ರೋ, ಅವ್ರಿಗೇ ಗೊತ್ತಾಗ್ಲಿಲ್ಲ. ಕಾಲು ಜೋಮು ಹಿಡ್ದಂಗದಲ್ಲ. ಒಣಗ್ತಾನೇ ಇಲ್ಲ. ದೀಪಾವಳಿ ಒಳಗೆ ಒಣಗದಿದ್ರೆ ಪಾದ ತೆಗೀಬೇಕು ಅಂದವ್ರೆ."

ಅವಳು ಏನು ತಿನ್ನುತ್ತಿದ್ದೀಯ ಎಂದು ಕೇಳಲಿಲ್ಲ. ನೀನು ಸ್ವಲ್ಪ ಕಡಿಮೆ ಮಾಡು ಅನ್ನಲಿಲ್ಲ. ಕಟ್ಟುಪಾಡು ಗಂಡಹೆಂಡಿರಿಬ್ಬರಿಗೂ ಒಂದೇ. ಅವಳ ಕಣ್ಣು ಮಾತ್ರ ಪಾಕ ಅಂಟಿದ್ದ ನನ್ನ ಬೆರಳ ಮೇಲಿತ್ತು. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅವಳು ಹೋದ ಮೇಲೆ ಎಷ್ಟೋ ಹೊತ್ತು ಬಾಣಲೆಯ ಮುಂದೆ ಕೂತಿದ್ದೆ. ಪಾಕ ತಳ ಹಿಡಿದು ವಾಸನೆ ಬಂದಾಗಲೇ ಎಚ್ಚರವಾದದ್ದು.

ಕಾಲು ಹೋದ ದರ್ಜಿ ಏನು ಮಾಡುತ್ತಾನೆ? ಮಿಷನ್ನಿಗೆ ಕರೆಂಟು ಹಾಕಿಸಿಕೊಳ್ಳುವ ಶಕ್ತಿ ಅವನಿಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಸದ್ದಿಲ್ಲದ ಬೀದಿಯಲ್ಲಿ ನಾನು ಹೇಗೆ ಕೂತಿರಲಿ? ನನಗೆ ಭಯವಾಯಿತು. ಸಂಕಟವೂ ಆಯಿತು. ಸೀದಾ ಛತ್ರಕ್ಕೆ ಹೋದೆ. ಡಾಕ್ಟರು ಬಯ್ಯುತ್ತಾರೆ, ಬಿಡುವುದಿಲ್ಲ ಅನ್ನುತ್ತಾರೆ ಎಂದು ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡು ಹೋಗಿದ್ದೆ.

"ಡಾಕ್ಟ್ರೇ, ನನ್ನ ಕೈಲಿ ನಿಮ್ಮ ಚೀಟಿ ನಡ್ಸೋಕಾಗಲ್ಲ. ಇವತ್ತಿಂದ ನಾನು ಪಥ್ಯ. ನೀವು ಏನಂದ್ರೂ ಅಷ್ಟೇ."

"ಆಯ್ತಮ್ಮ," ಅಂದರು ಅವರು.

"ಆಯ್ತಾ? ಅಷ್ಟೇನಾ?"

"ಅಷ್ಟೇ. ಸಾಕು ಅನ್ಸಿದ ದಿನ ಬಂದು ಹೇಳಿ, ಬಿಡಬಹುದು ಅಂತ ಮೊದಲೇ ಹೇಳಿದ್ನಲ್ಲ. ನೀವು ಚೀಟಿ ಸಿಕ್ಕ ಸಂತೋಷದಲ್ಲಿ ಕೇಳಿಸ್ಕೊಂಡಿಲ್ಲ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಿಮ್ಮ ಜೊತೆಯವರ ವಿಷಯ ನಾನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲ. ಆದ್ರೆ ನೀವು ಬಂದಿದ್ದು ಒಳ್ಳೇದಾಯ್ತು." ಏನೇನು ತಿನ್ನಬೇಕು, ಎಷ್ಟು ತಿನ್ನಬೇಕು, ಎಲ್ಲ ಬಿಡಿಸಿ ಹೇಳಿದರು. ಅನ್ನ ಸ್ವಲ್ಪ, ಸೊಪ್ಪು ಕಾಳು ಜಾಸ್ತಿ, ಮುದ್ದೆಯೂ ಅಳತೆಯಲ್ಲಿ, ಸಕ್ಕರೆ ಬೆಲ್ಲ ಏನೂ ಇಲ್ಲ. "ಪಾಕ?" ಅಂದೆ. "ಬೆರಳಿಗೂ ಬೇಡ," ಅಂದರು.

ಅಲ್ಲಿಂದಾಚೆ ನಾನು ಪಟ್ಟ ಪಾಡು ಯಾರಿಗೆ ಹೇಳಲಿ! ಮೊದಲ ದಿನ ಹಾಗಲಕಾಯಿ ಗೊಜ್ಜು ನುಂಗುವಾಗ ಕಣ್ಣಲ್ಲಿ ನೀರು ಬಂತು. ದಿನವಿಡೀ ಸಕ್ಕರೆಯ ಆವಿಯಲ್ಲಿ ನಿಂತು ಒಂದು ಹನಿಯನ್ನೂ ಬಾಯಿಗೆ ಹಾಕದಿರುವುದೆಂದರೆ ಏನೆಂದು ಆ ಡಾಕ್ಟರಿಗೇನು ಗೊತ್ತು. ನನ್ನ ನಾಲಿಗೆ ನನ್ನನ್ನೇ ಬಯ್ಯುತ್ತಿತ್ತು. ಎಳೆಯನ್ನು ಬೆರಳ ನಡುವೆ ಎಳೆದು ಪಾಕ ನೋಡುತ್ತಿದ್ದೆ, ತಕ್ಷಣ ಕೈ ತೊಳೆಯುತ್ತಿದ್ದೆ. ಎಳೆ ಕಣ್ಣಿಗೆ ಕಾಣುತ್ತದೆ, ಸರಿ. ಆದರೆ ಉಳಿದದ್ದು? ದೀಪಾವಳಿಗೆ ಪಟೇಲರ ಮನೆಯವರು ಬುಟ್ಟಿಗಟ್ಟಲೆ ಬಾದುಷಾ ಹೇಳಿದ್ದರು. ಎದುರಿನ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಹಿಟ್ಟು ಕಲಸಿದ್ದೆನಲ್ಲ, ಅಡುಗೆ ಸೋಡಾ ಎರಡು ಸಲ ಬಿದ್ದಿತ್ತು. ನೋಡಿಕೊಳ್ಳಲು ನಾಲಿಗೆ ಇರಲಿಲ್ಲ. ಸಂಜೆಯೊಳಗೆ ಬುಟ್ಟಿಗಳು ಹಿಂದಕ್ಕೆ ಬಂದವು.

"ಏನು ಸುಂದ್ರಮ್ಮ, ಬಾದುಷಾಗೆ ಸೋಪು ಹಾಕಿದ್ದೀಯ?" ಎಂದು ಪಟೇಲರ ಸೊಸೆ ಬೀದಿಗೆಲ್ಲ ಕೇಳುವಂತೆ ಕೇಳಿದಳು.

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಮಣ್ಣುಪಾಲಾಯಿತು. ಇನ್ನು ಹೀಗಾಗಬಾರದೆಂದು ಮರುದಿನದಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದೆ, ಬನ್ನಿ, ಒಂದು ಚೂರು ತಿಂದು ಹೇಗಿದೆ ಹೇಳಿ, ಬಿಟ್ಟಿ ಕೊಡುತ್ತೇನೆ ಎಂದೆ. ಒಬ್ಬರಾದರೂ ಬಾಯಿ ತೆರೆಯಬೇಕಲ್ಲ! ಒಬ್ಬಳಿಗೆ ಹಲ್ಲುನೋವು, ಇನ್ನೊಬ್ಬನಿಗೆ ಹರಕೆ. ಹೆಡ್‌ಮೇಷ್ಟ್ರಂತೂ ಖಾರದ ಬೂಂದಿ ಕೊಟ್ಟರೂ ಕೈ ಮುಗಿದರು. ಹಬ್ಬದ ವ್ಯಾಪಾರವೂ ಅರ್ಧಕ್ಕೆ ಇಳಿಯಿತು. ಎಲ್ಲ ಆ ಸೋಡಾದ ಪ್ರಭಾವ, ಊರಿಗೂರೇ ನನ್ನ ಅಂಗಡಿಗೆ ಹೆದರಿದೆ ಎಂದುಕೊಂಡು ಅತ್ತೇಬಿಟ್ಟೆ. ಅತ್ತರೂ ಅವತ್ತು ಉಂಡದ್ದು ಕಾಳಿನ ಸಾರನ್ನೇ.

ದೀಪಾವಳಿ ಬಂತು, ಹೋಯಿತು. ಛತ್ರದಿಂದ ಚೆನ್ನಿಗಪ್ಪನನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರೆಂದು ಸುದ್ದಿ ಬಂತು. ಯಾರನ್ನು ಕೇಳಲಿ? ಕೇಳುವಂತಿಲ್ಲ. ಈರಮ್ಮನ ಮನೆಗೆ ಬೀಗ ಹಾಕಿತ್ತು. ನಾನು ಮಾತ್ರ ಹೊತ್ತುಹೊತ್ತಿಗೆ ಸೊಪ್ಪು ಬೇಯಿಸಿಕೊಂಡು, ತಪ್ಪದೆ ತಿಂದು, ಎದುರು ಬಾಗಿಲನ್ನು ನೋಡುತ್ತಾ ಕೂರುತ್ತಿದ್ದೆ. ತಿನ್ನುವುದೊಂದು ಬಿಟ್ಟು ನನ್ನ ಕೈಲಿ ಇನ್ನೇನಿತ್ತು.

ಕಾರ್ತಿಕ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಒಲೆ ಹಚ್ಚುತ್ತಿದ್ದೆ. ಕಿಟಿ ಎಂದಿತು. ಸ್ವಲ್ಪ ತಡೆದು, ಕಿಟಿಕಿಟಿ. ಬೆಂಕಿಕಡ್ಡಿ ಬೆರಳು ಸುಟ್ಟದ್ದೂ ತಿಳಿಯಲಿಲ್ಲ. ಓಡಿಬಂದು ಕಂಬದ ಮರೆಯಿಂದ ನೋಡಿದೆ. ಚೆನ್ನಿಗಪ್ಪನ ಕಾಲಿನ ಕಿರುಬೆರಳು ಇರಲಿಲ್ಲ, ಪಾದಕ್ಕೆ ಬಿಳಿ ಪಟ್ಟಿ ಸುತ್ತಿತ್ತು. ಆದರೆ ಪಾದ ಇತ್ತು. ಪೆಡಲಿನ ಮೇಲಿತ್ತು. ಮೊದಲಿನ ಹದ ಇರಲಿಲ್ಲ, ಮೂರು ಸಲ ಓಡಿ ಒಂದು ಸಲ ಉಸಿರು ತೆಗೆದುಕೊಳ್ಳುವ ಹೊಸ ಹದ. ಆವತ್ತು ಜಾಲರಿ ತಟ್ಟಿದ್ದು ಆ ಹದಕ್ಕೇ.

ಸಂಕ್ರಾಂತಿ ಕಳೆದು ಡಾಕ್ಟರು ಎಲ್ಲರನ್ನೂ ಛತ್ರಕ್ಕೆ ಕರೆದರು. ಮುಖ ಬಾಡಿತ್ತು. "ನನಗೆ ಏನೂ ಅರ್ಥವಾಗ್ತಿಲ್ಲ," ಎಂದು ಶುರುಮಾಡಿದರು. "ಪಥ್ಯ ಮಾಡಿದವರ ಜೊತೆಯವರಿಗೆ ಗುಣ ಕಾಣಿಸಿದೆ. ಸಕ್ಕರೆ ಇಳಿದಿದೆ, ಕೀಲಿನ ಬಾವು ಇಳಿದಿದೆ, ಕಿಡ್ನಿಯವರೂ ವಾಸಿ. ಸಂತೋಷ. ಆದ್ರೆ ಎಂದಿನ ಊಟ ಮಾಡಿದವರ ಜೊತೆಯವರಿಗೂ ಅಷ್ಟೇ ಗುಣ ಕಾಣಿಸಿದೆ! ಹಾಗಾದ್ರೆ ಊಟದಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ನಾನು ಬರೀಬೇಕಾಗುತ್ತೆ."

ಹೆಡ್‌ಮೇಷ್ಟ್ರು ಕೆಮ್ಮಿ ಎದ್ದು ನಿಂತರು. "ಡಾಕ್ಟ್ರೇ, ತಪ್ಪು ತಿಳೀಬೇಡಿ. ನಂದು ಎಂದಿನ ಊಟದ ಚೀಟಿ. ಆದ್ರೆ ಮಾರಣ್ಣನ ಕಿಡ್ನಿ ನೆನೆದ್ರೆ ಉಪ್ಪಿನಕಾಯಿ ಗಂಟಲಲ್ಲಿ ಇಳೀಲಿಲ್ಲ. ಯುಗಾದಿಯಿಂದಲೇ ಉಪ್ಪು ಬಿಟ್ಟೆ. ನಾನೊಬ್ಬ ಬಿಟ್ರೆ ನಿಮ್ಮ ಸಂಶೋಧನೆಗೇನು ಮಹಾ ಆಗುತ್ತೆ ಅಂದ್ಕೊಂಡೆ."

ಪಟೇಲರ ಸೊಸೆ ಎದ್ದಳು. "ನಾನೂ ಹಂಗೇ ಅಂದ್ಕೊಂಡೆ. ಆ ಬಾದುಷಾ ನೆಂಟ್ರಿಗೆ ತರ್ಸಿದ್ದು, ನಾನು ಬರೀ ನಾಲಿಗೆಗೆ ಮುಟ್ಸಿದ್ದು." ಹಿಂದಿನ ಸಾಲಿನಿಂದ ಇನ್ನೊಬ್ಬ, ಕಂಬದ ಪಕ್ಕದಿಂದ ಮತ್ತೊಬ್ಬಳು. ಎಂದಿನ ಊಟದ ಚೀಟಿ ಹಿಡಿದವರೆಲ್ಲ, ಒಬ್ಬರಿಗೊಬ್ಬರು ಹೇಳದೆ, ಹಿತ್ತಲ ಬಾಗಿಲು ಹಾಕಿಕೊಂಡು ಸಪ್ಪೆ ತಿಂದಿದ್ದರು. ನನ್ನ ಅಂಗಡಿಗೆ ಬಂದ ಆ ಹಲ್ಲುನೋವು ಎಲ್ಲಿಯದೆಂದು ಆಗ ತಿಳಿಯಿತು.

ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡು ಕೂತರು. ಅಳುತ್ತಾರೇನೋ ಅಂದುಕೊಂಡೆವು. ನೋಡಿದರೆ ಭುಜ ಕುಣಿಯುವಂತೆ ನಗುತ್ತಿದ್ದರು. "ನಿಮ್ಮೂರಿಗೆ ಬಂದು ನಾನು ಕೆಟ್ಟೆ," ಅಂದರು. "ಒಂದು ವರ್ಷದ ಕೆಲಸ ಹಾಳು. ಎಂದಿನ ಊಟದವರಲ್ಲಿ ನಾನು ಹೇಳಿದ್ದನ್ನ ಹೇಳಿದ ಹಾಗೆ ಮಾಡಿದವರು ಸುಂದ್ರಮ್ಮ ಒಬ್ರೇ. ಬಿಡೋವಾಗಲೂ ಬಂದು ಹೇಳಿ ಬಿಟ್ರು."

ಊರೆಲ್ಲ ತಿರುಗಿ ನನ್ನನ್ನು ನೋಡಿತು. ಡಾಕ್ಟರು ಹೊಗಳಿದ್ದೇ, ಆದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಉಳಿದವರೆಲ್ಲ ಯುಗಾದಿಯಿಂದಲೇ ಬಾಯಿ ಕಟ್ಟಿದ್ದರು. ನಾನೊಬ್ಬಳೇ ನವರಾತ್ರಿಯವರೆಗೆ ಬೂಂದಿ ಮುಕ್ಕಿದ್ದು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಸೆರಗು ಹೊದ್ದುಕೊಂಡು ಮನೆಗೆ ಬಂದುಬಿಟ್ಟೆ.

ಮಾರನೆಯ ದಿನ ಮಧ್ಯಾಹ್ನ ಬಾದುಷಾ ಪಾಕದಲ್ಲಿ ಅದ್ದುತ್ತಿದ್ದೆ. ಎದುರಿನ ಮಿಷನ್ ನಿಂತಿತು. ಕೋಲೂರಿಕೊಂಡು ಚೆನ್ನಿಗಪ್ಪ ಬೀದಿ ದಾಟಿದ. ಮುಖ ತಿರುಗಿಸಲಿಲ್ಲ, ಟವೆಲ್ ಹಿಡಿಯಲಿಲ್ಲ. ಸೀದಾ ಬಂದು, ಎಂದೂ ಹತ್ತದ ನನ್ನ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಕೂತ. ಕೈಯಲ್ಲಿ ನನ್ನ ರವಿಕೆ. ಮಿಷನ್ ಮತ್ತೆ ಓಡಿದ ಮೇಲೆ ಈರಮ್ಮನ ಕೈಗೆ ಮತ್ತೆ ಕೊಟ್ಟಿದ್ದ ಬಟ್ಟೆ, ಹೊಲಿದದ್ದು.

"ತಡವಾಯ್ತು ಸುಂದ್ರಕ್ಕ, ಬೇಜಾರ್ ಮಾಡ್ಕೋಬ್ಯಾಡ."

ಮಾತು ತೋಚದಿದ್ದಾಗ ನನ್ನ ಬಾಯಿಗೆ ಬರುವುದು ಜಗಳವೇ. "ಈಗ ದಾರಿ ಗೊತ್ತಾಯ್ತಾ ಚೆನ್ನಿಗಣ್ಣ? ಇಷ್ಟು ವರ್ಷ ನನ್ನ ಅಂಗಡಿ ಕಂಡ್ರೆ ಹೆಣ ಕಂಡಂಗೆ ಮೂಗು ಮುಚ್ಕೊಂಡು ಓಡ್ತಿದ್ದೆ. ಅಷ್ಟು ಸಿಟ್ಟಿದ್ರೆ ಬಂದು ಎರಡು ಬಯ್ಯೋದಲ್ವಾ?"

"ಸಿಟ್ಟಾ?" ಅವನು ನಿಜವಾಗಿ ಬೆರಗಾದ. "ಅಯ್ಯೋ, ಸಿಟ್ಟಲ್ಲ ಕಣಕ್ಕ, ಆಸೆ. ನಂಗೆ ಸಿಹಿ ಅಂದ್ರೆ ಪ್ರಾಣ. ನಿನ್ನ ಬಾಣ್ಲೆ ವಾಸ್ನೆ ಬಂತು ಅಂದ್ರೆ ಕಾಲು ತಾನೇ ಈ ಕಡೆ ತಿರುಗ್ತಿತ್ತು. ಒಂದು ಸಲ ಬಾಯಿಗಿಟ್ರೆ ಬಿಡಕ್ಕಾಗಾಕಿಲ್ಲ ಅಂತ ಗೊತ್ತಿತ್ತು. ನೀನು ದಿನಾ ಬೆಂಕಿ ಮುಂದೆ ನಿಂತು ಅಷ್ಟೊಂದು ಭಾರ ಎತ್ತೋಳು. ನಾನು ಮುದ್ದೆ ಸೊಪ್ಪು ಉಂಡ್ರೆ ನಿನ್ನ ಮೈ ಗಟ್ಟಿ ಇರ್ತದೆ ಅಂತ."

ಇಷ್ಟು ವರ್ಷ! ಅದನ್ನು ಬಡತನ ಎಂದುಕೊಂಡಿದ್ದೆ ನಾನು. ಜಾಲರಿಯನ್ನು ಅಲ್ಲೇ ಬಿಟ್ಟು, ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಮುತ್ತುಗದ ಎಲೆಯ ಮೇಲೆ ಒಂದು ಬಿಸಿ ಬಾದುಷಾ ಇಟ್ಟು ಅವನ ಮುಂದೆ ಹಿಡಿದೆ.

"ಬ್ಯಾಡಕ್ಕ. ಅದು ನಿನ್ನ ಮೈಗೆ ಹೋಯ್ತದೆ."

"ಹೋಗ್ಲಿ. ಒಂದು ಬಾದುಷಾ ತಡ್ಕೊಳ್ಳೋ ಶಕ್ತಿ ನನ್ನ ಮೈಗಿಲ್ವಾ? ನೀನೇ ಹಾಕಿದ್ದಲ್ವಾ ಅದು? ತಿನ್ನು. ತಿಂದು ಸೋಡಾ ಸರಿಯಾಗಿದ್ಯಾ ಹೇಳು. ನನ್ನ ನಾಲಿಗೆ ಈಗ ಯಾವ ಕೆಲ್ಸಕ್ಕೂ ಇಲ್ಲ."

ಅವನು ಕೈ ಚಾಚಿದ. ಸಣ್ಣ ಚೂರು ಮುರಿದು ಬಾಯಿಗಿಟ್ಟುಕೊಂಡ, ಕಣ್ಣು ಮುಚ್ಚಿದ. ನಾನು ಅವನ ಬಾಯಿಯನ್ನೇ ನೋಡುತ್ತಾ ನಿಂತೆ. ಜೊತೆಯವರು ಉಣ್ಣುವುದನ್ನು ನೋಡಬಾರದೆಂಬುದು ನೆನಪಿಗೇ ಬರಲಿಲ್ಲ.

"ಸೋಡಾ ಸರಿಯಾಗದೆ," ಅಂದ. "ಏಲಕ್ಕಿ ಒಂಚೂರು ಮುಂದಾಯ್ತು."

ಅವನು ಹೇಳಿದ್ದು ಸರಿಯಾಗಿತ್ತು, ಏಲಕ್ಕಿ ಉದುರಿಸುವಾಗ ಕೈ ಜಾರಿತ್ತು. ಅಲ್ಲಿಂದ ಅದೇ ರೂಢಿಯಾಗಿದೆ. ಪಾಕ ಇಳಿಸುವ ಹೊತ್ತಿಗೆ ಮಿಷನ್ ನಿಲ್ಲುತ್ತದೆ, ಅವನು ಬಂದು ಒಂದು ಚೂರು ರುಚಿ ನೋಡಿ ಹೋಗುತ್ತಾನೆ. ನಾನು ಮುದ್ದೆ ಉಣ್ಣುತ್ತೇನೆ, ಈಗಲೂ ಬಯ್ದುಕೊಂಡೇ.

ಅವತ್ತು ಮಾತ್ರ ಅವನು ಎಲೆಯನ್ನು ಮಡಿಸಿ ಬುಟ್ಟಿಗೆ ಹಾಕಿ, ಕೋಲೂರಿ ಮೆಟ್ಟಿಲಿಳಿದವನು, ಬೀದಿಯ ಮಧ್ಯೆ ನಿಂತು ತಿರುಗಿದ. ಬೀದಿಯಲ್ಲಿ ಜನ ಇದ್ದರು. ಮಾರಣ್ಣ ಗಾಡಿ ನಿಲ್ಲಿಸಿಕೊಂಡಿದ್ದ, ಈರಮ್ಮ ಬಾಗಿಲಲ್ಲಿ ನಿಂತಿದ್ದಳು.

"ಸುಂದ್ರಕ್ಕ," ಎಂದು ಅವನು ಎಲ್ಲರಿಗೂ ಕೇಳುವಂತೆ ಕೂಗಿದ, "ಊಟ ಆಯ್ತಾ?"

ಮಾರಣ್ಣನ ಕೈಯಿಂದ ಹಗ್ಗ ಜಾರಿತು. ನಾನೂ ಕೂಗಿಯೇ ಹೇಳಿದೆ.

"ಆಯ್ತು ಕಣಣ್ಣ. ಮುದ್ದೆ, ಸೊಪ್ಪಿನ ಬಸ್ಸಾರು. ನಿಂದು?"